ಕೈಯಲ್ಲಿದ್ದ ಮುದ್ರೆ



ಮುದ್ರೆ ಎಂಬ ಶಬ್ದ ನಿಮಗೆಲ್ಲರಿಗೂ ಪರಿಚಿತವಾದದ್ದು. ತಹಸೀಲ್ದಾರರ ಕಚೇರಿಯ ಮುದ್ರೆ, ಪಂಚಾಯತಿಯ ಮುದ್ರೆ, ಬ್ಯಾಂಕಿನ ಮುದ್ರೆ. ಅದು ಬೀಳುವ ತನಕ ಕಾಗದ ಬರಿಯ ಕಾಗದ; ಬಿದ್ದ ಮೇಲೆ ಅದೇ ಕಾಗದ ಹೊಲವಾಗುತ್ತದೆ, ಮನೆಯಾಗುತ್ತದೆ, ಮಗನ ನೌಕರಿಯಾಗುತ್ತದೆ. ಆ ಒಂದು ಒತ್ತಿಗಾಗಿ ನೀವು ಊರಿನಿಂದ ತಾಲೂಕಿಗೆ, ತಾಲೂಕಿನಿಂದ ಜಿಲ್ಲೆಗೆ ಎಷ್ಟು ಸಲ ಅಲೆದಿದ್ದೀರೆಂಬುದು ನಿಮ್ಮ ಚಪ್ಪಲಿಗೇ ಗೊತ್ತು.

ಸಂಸ್ಕೃತದಲ್ಲಿ ಈ ಶಬ್ದಕ್ಕೆ ಹಿಂದಿನ ವಿದ್ವಾಂಸರು ಒಂದು ಸೊಗಸಾದ ನಿರ್ವಚನ ಹೇಳುತ್ತಿದ್ದರು. 'ಮುದ' ಎಂದರೆ ಸಂತೋಷ. 'ರಾ' ಎಂಬ ಧಾತುವಿಗೆ ಕೊಡುವುದು ಎಂದು ಅರ್ಥ. ಸಂತೋಷವನ್ನು ಕೊಡುವಂಥದು ಯಾವುದೋ ಅದು ಮುದ್ರೆ. ಕಚೇರಿಯ ಬಾಗಿಲಲ್ಲಿ ನಿಂತು ನಿಂತು ಕಾಲು ಸೋತವನಿಗೆ ಈ ಅರ್ಥ ಹೇಳಿದರೆ ನಕ್ಕಾನು. ಆದರೆ ಈ ಅರ್ಥ ಅಕ್ಷರಶಃ ಸತ್ಯವಾದ ಒಂದು ಸಂದರ್ಭ ಈ ಭೂಮಿಯ ಮೇಲೆ ನಡೆದುಹೋಗಿದೆ. ಒಬ್ಬ ಅಧಿಕಾರಿಯ ಕೈಯಲ್ಲಿದ್ದ ಮುದ್ರೆ ಸಾವಿರಾರು ಜನಕ್ಕೆ ಸಂತೋಷವನ್ನಷ್ಟೇ ಅಲ್ಲ, ಪ್ರಾಣವನ್ನೇ ಕೊಟ್ಟಿತು. ಅದನ್ನು ಒತ್ತಿದವರಿಗೆ ಮಾತ್ರ ಬಡತನವನ್ನೂ ಅವಮಾನವನ್ನೂ ಕೊಟ್ಟಿತು. ಇಂದು ಆ ಪುಣ್ಯಪುರುಷರ ಚರಿತ್ರೆಯನ್ನು ನಿಮ್ಮ ಮುಂದೆ ಇಡುತ್ತೇವೆ. ಅವರು ನಮ್ಮ ದೇಶದವರಲ್ಲ, ನಮ್ಮ ಮತದವರಲ್ಲ. ಪುಣ್ಯಕ್ಕೆ ದೇಶವೆಲ್ಲಿ, ಮತವೆಲ್ಲಿ? ಲಕ್ಷ್ಯ ಕೊಟ್ಟು ಕೇಳಬೇಕು.

ಅವರ ಹೆಸರು ಅರಿಸ್ಟಿಡಿಸ್ ಡಿ ಸೌಜಾ ಮೆಂಡಿಸ್. ಹೆಸರು ಉದ್ದವಾಯಿತೆಂದು ಹೆದರಬೇಡಿ. ಮೆಂಡಿಸ್ ಎಂದು ನೆನಪಿಟ್ಟರೆ ಸಾಕು. ಒಂದು ಕಾಲದಲ್ಲಿ ಅವರೇ ತಮ್ಮ ಹೆಸರನ್ನು ಅಷ್ಟಕ್ಕೆ ಮೊಟಕು ಮಾಡಿಕೊಂಡರು. ಯಾಕೆಂಬುದನ್ನು ಮುಂದೆ ಹೇಳುತ್ತೇವೆ. ಪೋರ್ಚುಗಲ್ ದೇಶದ ಕಬಾನಸ್ ಎಂಬ ಹಳ್ಳಿಯಲ್ಲಿ ೧೮೮೫ರಲ್ಲಿ ಹುಟ್ಟಿದವರು. ತಂದೆ ನ್ಯಾಯಾಧೀಶರು, ದೊಡ್ಡ ಮನೆತನ. ಅವಳಿ ಮಕ್ಕಳಲ್ಲಿ ಇವರೊಬ್ಬರು. ಅಣ್ಣತಮ್ಮಂದಿರಿಬ್ಬರೂ ಕೊಯಿಂಬ್ರ ವಿಶ್ವವಿದ್ಯಾನಿಲಯದಲ್ಲಿ ಕಾನೂನು ಓದಿ, ಇಬ್ಬರೂ ಸರಕಾರದ ವಿದೇಶಾಂಗ ಸೇವೆಗೆ ಸೇರಿದರು. ಮೆಂಡಿಸರು ಆಫ್ರಿಕ, ಬ್ರೆಜಿಲ್, ಅಮೆರಿಕ, ಬೆಲ್ಜಿಯಂ ಮುಂತಾದ ಕಡೆ ದುಡಿದು ೧೯೩೮ರಲ್ಲಿ ಫ್ರಾನ್ಸಿನ ಬೋರ್ಡೊ ಎಂಬ ಪಟ್ಟಣಕ್ಕೆ ಕಾನ್ಸಲ್ ಜನರಲ್ ಆಗಿ ಬಂದರು. ಪರದೇಶದ ಪಟ್ಟಣದಲ್ಲಿದ್ದುಕೊಂಡು ತನ್ನ ದೇಶಕ್ಕೆ ಹೋಗುವವರಿಗೆ ಅನುಮತಿ ಕೊಡುವ ಅಧಿಕಾರಿಗೆ ಕಾನ್ಸಲ್ ಎನ್ನುತ್ತಾರೆ. ಆ ಅನುಮತಿಯೇ ವೀಸಾ. ಅದನ್ನು ಕೊಡುವುದು ಹೇಗೆ? ರಹದಾರಿ ಪುಸ್ತಕದ ಮೇಲೆ ಒಂದು ಮುದ್ರೆ, ಅದರ ಕೆಳಗೆ ಒಂದು ರುಜು. ಅಷ್ಟೆ.

ಪೋರ್ಚುಗೀಸರು ನಮಗೆ ಅಪರಿಚಿತರಲ್ಲ. ನಮ್ಮ ಮಗ್ಗುಲಲ್ಲೇ ಇರುವ ಗೋವೆಯನ್ನು ೧೫೧೦ರಿಂದ ೧೯೬೧ರವರೆಗೆ ಆಳಿದವರು. ಅವರ ಸರ್ವಾಧಿಕಾರಿ ಸಾಲಾಜಾರ್ ಎಂಬುವನ ಹೆಸರನ್ನು ನಮ್ಮ ಹಿರಿಯರು ಚೆನ್ನಾಗಿ ಬಲ್ಲರು. ೧೯೫೫ರ ಆಗಸ್ಟ್ ೧೫ರಂದು ಬರಿಗೈಯಲ್ಲಿ ಗೋವೆಯ ಗಡಿ ದಾಟಿದ ಸತ್ಯಾಗ್ರಹಿಗಳ ಮೇಲೆ ಗುಂಡು ಹಾರಿಸಿದ್ದು ಅವನ ಸರಕಾರವೇ. ಆ ಸಾಲಾಜಾರನ ಕೈಕೆಳಗಿನ ನೌಕರರು ನಮ್ಮ ಮೆಂಡಿಸರು. ಇದನ್ನು ಯಾಕೆ ಹೇಳಿದೆವೆಂದರೆ, ಎಂಥ ಯಜಮಾನನ ಅಪ್ಪಣೆಯನ್ನು ಅವರು ಮೀರಿದರು ಎಂಬುದು ನಿಮ್ಮ ಮನಸ್ಸಿಗೆ ಬರಬೇಕು.

ಇನ್ನು ಆ ಕಾಲದ ಸ್ಥಿತಿಯನ್ನು ನೋಡೋಣ. ಜರ್ಮನಿಯಲ್ಲಿ ೧೯೩೩ರಲ್ಲಿ ಹಿಟ್ಲರನು ಅಧಿಕಾರಕ್ಕೆ ಬಂದ. ಯಹೂದಿಗಳೆಂಬ ಜನರ ಮೇಲೆ ಅವನಿಗೆ ಹೇಳಲಾರದ ದ್ವೇಷ. ಅವರ ಅಂಗಡಿಗಳನ್ನು ಮುಚ್ಚಿಸಿದ, ನೌಕರಿಗಳಿಂದ ತೆಗೆಸಿದ, ೧೯೩೫ರಲ್ಲಿ ಕಾನೂನು ಮಾಡಿ ಅವರ ಪೌರತ್ವದ ಹಕ್ಕುಗಳನ್ನೇ ಕಿತ್ತುಕೊಂಡ. ಯುದ್ಧ ಮುಗಿಯುವಷ್ಟರಲ್ಲಿ ಅವನೂ ಅವನ ಕಡೆಯವರೂ ಕೊಂದ ಯಹೂದಿಗಳ ಸಂಖ್ಯೆ ೬೦ ಲಕ್ಷ. ಮುದುಕರು, ಬಸುರಿಯರು, ಹಾಲುಗೂಸುಗಳು ಎಂಬ ಭೇದವಿಲ್ಲದೆ ಕೊಂದರು. ಮನುಷ್ಯಕುಲದ ಇತಿಹಾಸದಲ್ಲಿ ಇದಕ್ಕಿಂತ ದೊಡ್ಡ ಪಾಪವನ್ನು ಹುಡುಕಬೇಕಾದರೆ ಕಷ್ಟ.

ಪೋರ್ಚುಗಲ್ ಆ ಯುದ್ಧದಲ್ಲಿ ಯಾರ ಪಕ್ಷಕ್ಕೂ ಸೇರದೆ ತಟಸ್ಥವಾಗಿತ್ತು. ಲಿಸ್ಬನ್ ಬಂದರಿನಿಂದ ಅಮೆರಿಕಕ್ಕೆ ಹಡಗುಗಳು ಹೊರಡುತ್ತಿದ್ದವು. ಫ್ರಾನ್ಸಿನಿಂದ ಅಲ್ಲಿಗೆ ಹೋಗಬೇಕಾದರೆ ನಡುವೆ ಸ್ಪೇನ್ ದೇಶವನ್ನು ದಾಟಬೇಕು. ಪೋರ್ಚುಗಲ್ಲಿನ ವೀಸಾ ಇದ್ದವರಿಗೆ ಮಾತ್ರ ಸ್ಪೇನಿನವರು ದಾರಿ ಬಿಡುತ್ತಿದ್ದರು. ಹೀಗಾಗಿ ಓಡಿಬಂದವನ ಪ್ರಾಣವೆಲ್ಲ ಆ ಒಂದು ಮುದ್ರೆಯಲ್ಲಿ ನಿಂತಿತ್ತು.

ಆದರೆ ೧೯೩೯ರ ನವೆಂಬರ್ ೧೧ರಂದು ಸಾಲಾಜಾರನ ಸರಕಾರ ತನ್ನ ಎಲ್ಲ ಕಾನ್ಸಲ್‌ಗಳಿಗೆ ಒಂದು ಸುತ್ತೋಲೆ ಕಳಿಸಿತ್ತು. ಅದರ ಅಂಕೆ ೧೪. ಲಿಸ್ಬನ್ನಿನ ಪೂರ್ವಾನುಮತಿಯಿಲ್ಲದೆ ಇಂಥಿಂಥವರಿಗೆ ವೀಸಾ ಕೊಡಕೂಡದು ಎಂದು ಅದರಲ್ಲಿ ಒಂದು ಪಟ್ಟಿ. ದೇಶವಿಲ್ಲದವರಿಗೆ ಕೊಡಕೂಡದು. ಯಾವ ದೇಶದವರೆಂದು ಖಚಿತವಿಲ್ಲದವರಿಗೆ ಕೊಡಕೂಡದು. ತಮ್ಮ ದೇಶಗಳಿಂದ ಹೊರಹಾಕಲ್ಪಟ್ಟ ಯಹೂದಿಗಳಿಗೆ ಕೊಡಕೂಡದು. ಭಕ್ತರೇ, ಈ ನಿಯಮದ ಒಳಮರ್ಮವನ್ನು ನೋಡಿರಿ. ಒಬ್ಬನು ಮನುಷ್ಯನ ಮನೆಯನ್ನು ಸುಟ್ಟು ಬೀದಿಗೆ ಅಟ್ಟುತ್ತಾನೆ. ಅವನು ಓಡಿಬಂದು ಇನ್ನೊಬ್ಬನ ಬಾಗಿಲು ತಟ್ಟಿದರೆ ಆ ಇನ್ನೊಬ್ಬ, "ನಿನಗೆ ಮನೆಯಿಲ್ಲ, ಆದ್ದರಿಂದ ಒಳಗೆ ಬರಬೇಡ" ಎನ್ನುತ್ತಾನೆ. ಯಾರಿಗೆ ಆಶ್ರಯ ಬೇಕೋ ಅವರಿಗೇ ಆಶ್ರಯವಿಲ್ಲ ಎಂಬುದು ಆ ನಿಯಮ. ಬಾಯಾರಿದವನನ್ನು ಬಿಟ್ಟು ಉಳಿದವರಿಗೆಲ್ಲ ನೀರು ಎಂದು ಅರವಟಿಗೆಯ ಮೇಲೆ ಬರೆದ ಹಾಗಾಯಿತು.

೧೯೪೦ರ ಮೇ ೧೦ರಂದು ಜರ್ಮನಿಯ ಸೈನ್ಯ ಪಶ್ಚಿಮಕ್ಕೆ ನುಗ್ಗಿತು. ಹಾಲೆಂಡ್ ಬಿತ್ತು, ಬೆಲ್ಜಿಯಂ ಬಿತ್ತು, ಜೂನ್ ೧೪ರಂದು ಪ್ಯಾರಿಸ್ ನಗರ ಬಿತ್ತು. ಲಕ್ಷ ಲಕ್ಷ ಜನ ಕಾರಿನಲ್ಲಿ, ಸೈಕಲ್ಲಿನಲ್ಲಿ, ತಳ್ಳುವ ಗಾಡಿಯಲ್ಲಿ, ಬರಿಗಾಲಲ್ಲಿ ದಕ್ಷಿಣಕ್ಕೆ ಹರಿದುಬಂದರು. ಅವರಲ್ಲಿ ಬಹಳ ಜನ ಬೋರ್ಡೊ ಸೇರಿದರು. ಗರೋನ್ ನದಿಯ ದಡದ ಮೇಲೆ ಪೋರ್ಚುಗಲ್ಲಿನ ಕಾನ್ಸಲ್ ಕಚೇರಿ. ಮೆಂಡಿಸರ ಮನೆಯೂ ಅಲ್ಲಿಯೇ. ಆ ಕಟ್ಟಡದ ಮುಂದೆ, ಮೆಟ್ಟಿಲುಗಳ ಮೇಲೆ, ಕೊನೆಗೆ ಮನೆಯ ಒಳಗೂ ಜನ ತುಂಬಿಹೋದರು. ಕುರ್ಚಿಯ ಮೇಲೆ ಕುಳಿತಲ್ಲೇ ನಿದ್ದೆ, ನೆಲದ ಮೇಲೆ ಮಲಗಿದಲ್ಲೇ ಬೆಳಗು. ಸರದಿ ತಪ್ಪೀತೆಂಬ ಭಯದಿಂದ ಜನ ಅನ್ನನೀರಿಗೂ ಜಾಗ ಬಿಟ್ಟು ಏಳುತ್ತಿರಲಿಲ್ಲ.

ಆ ಗುಂಪಿನಲ್ಲಿ ಹಾಯಿಮ್ ಕ್ರೂಗರ್ ಎಂಬ ಒಬ್ಬ ಯಹೂದಿ ಧರ್ಮಗುರು ಇದ್ದರು. ಅವರು ಹುಟ್ಟಿದ್ದು ಪೋಲೆಂಡಿನಲ್ಲಿ, ನೆಲೆಸಿದ್ದು ಬೆಲ್ಜಿಯಮಿನಲ್ಲಿ. ಹೆಂಡತಿ ಮತ್ತು ಐದು ಮಕ್ಕಳನ್ನು ಕಟ್ಟಿಕೊಂಡು ಓಡಿಬಂದವರು. ಮೆಂಡಿಸರಿಗೆ ಅವರ ಪರಿಚಯವಾಯಿತು. ಮೆಂಡಿಸರು ನಿಷ್ಠಾವಂತ ಕ್ಯಾಥೊಲಿಕ್ ಕ್ರೈಸ್ತರು. ಆದರೂ ಆ ಯಹೂದಿ ಗುರುವನ್ನು, ಅವರ ಸಂಸಾರವನ್ನು ತಮ್ಮ ಮನೆಗೇ ಕರೆತಂದು ಇರಿಸಿಕೊಂಡರು. ಅವರಿಗೆ ವೀಸಾ ಕೊಡಲು ಅನುಮತಿ ಬೇಕೆಂದು ಲಿಸ್ಬನ್ನಿಗೆ ತಂತಿ ಕಳಿಸಿದರು. ಆಗದು ಎಂದು ಉತ್ತರ ಬಂತು. ನಿಮಗೂ ನಿಮ್ಮ ಮಡದಿ ಮಕ್ಕಳಿಗೂ ವೀಸಾ ಕೊಡುತ್ತೇನೆ ಎಂದು ಮೆಂಡಿಸರು ಹೇಳಿದರು.

ಇಲ್ಲಿ ಸ್ವಲ್ಪ ನಿಲ್ಲೋಣ. ನೀವು ಕ್ರೂಗರರ ಜಾಗದಲ್ಲಿ ಇದ್ದೀರೆಂದು ಎಣಿಸಿಕೊಳ್ಳಿ. ಹಿಂದೆ ಸಾವು ಅಟ್ಟಿಸಿಕೊಂಡು ಬರುತ್ತಿದೆ. ಐದು ಮಕ್ಕಳು ಸೆರಗು ಹಿಡಿದು ನಿಂತಿವೆ. ಅಧಿಕಾರಿಯೇ ಕರೆದು, "ತೆಗೆದುಕೊಳ್ಳಿ" ಎನ್ನುತ್ತಿದ್ದಾನೆ. ನೀವು ಏನೆನ್ನುತ್ತೀರಿ? ಕೈ ಮುಗಿದು ತೆಗೆದುಕೊಳ್ಳುತ್ತೀರಿ. ತಪ್ಪೇನೂ ಇಲ್ಲ, ಅದು ಲೋಕಸ್ವಭಾವ. ಕ್ರೂಗರರು ಮಾತ್ರ ಒಲ್ಲೆ ಎಂದರು. ನನಗೂ ನನ್ನ ಮನೆಯವರಿಗೂ ಮಾತ್ರ ಎಂದರೆ ಬೇಡ, ಹೊರಗೆ ಬೀದಿಯಲ್ಲಿ ಬಿದ್ದಿರುವ ನನ್ನ ಜನಕ್ಕೆಲ್ಲ ಕೊಡುವುದಾದರೆ ಕೊಡಿ ಎಂಬುದು ಅವರ ಮಾತಿನ ತಾತ್ಪರ್ಯ.

ಶ್ರೀಮಠಕ್ಕೆ ಬರುವ ಭಕ್ತರಲ್ಲಿ ಬಹುಮಂದಿ ನಮ್ಮ ಹತ್ತಿರ ಕುಳಿತು ಮೆಲ್ಲಗೆ, "ಬುದ್ಧೀ, ನಮ್ಮ ಹುಡುಗನಿಗೊಂದು ಸೀಟು, ನಮ್ಮ ಅಳಿಯನಿಗೊಂದು ವರ್ಗ, ತಾವೊಂದು ಚೀಟಿ ಬರೆದುಕೊಟ್ಟರೆ ಆಗುತ್ತದೆ" ಎನ್ನುತ್ತಾರೆ. ಅವರ ಕಷ್ಟ ನಮಗೆ ತಿಳಿಯದ್ದಲ್ಲ. ಆದರೆ ಇಷ್ಟು ವರ್ಷಗಳಲ್ಲಿ ಒಬ್ಬರಾದರೂ, "ಬುದ್ಧೀ, ನಮ್ಮ ಓಣಿಯ ಹುಡುಗರಿಗೆಲ್ಲ ಸಿಕ್ಕುವುದಾದರೆ ನಮ್ಮವನಿಗೂ ಸಿಕ್ಕಲಿ, ಇಲ್ಲದಿದ್ದರೆ ಬೇಡ" ಎಂದು ಹೇಳಿದ್ದನ್ನು ನಾವು ಕೇಳಿಲ್ಲ. ಸಣ್ಣ ಸೀಟಿನ ವಿಷಯದಲ್ಲೇ ಬಾರದ ಮಾತು ಪ್ರಾಣದ ವಿಷಯದಲ್ಲಿ ಆ ಗುರುವಿನ ಬಾಯಲ್ಲಿ ಬಂತು. ಇದನ್ನು ನೀವು ಮನಗಾಣಬೇಕು.

ಆ ಮಾತು ಮೆಂಡಿಸರ ಎದೆಗೆ ಬಾಣದಂತೆ ನಾಟಿತು. ಒಬ್ಬನಿಗೆ ಉಪಕಾರ ಮಾಡಿ ಮನಸ್ಸನ್ನು ಸಮಾಧಾನ ಮಾಡಿಕೊಳ್ಳುವ ದಾರಿ ಮುಚ್ಚಿಹೋಯಿತು. ಈಗ ಉಳಿದದ್ದು ಎರಡೇ ದಾರಿ: ಎಲ್ಲರಿಗೂ ಬಾಗಿಲು ತೆರೆಯುವುದು ಇಲ್ಲವೆ ಎಲ್ಲರಿಗೂ ಮುಚ್ಚುವುದು. ಮೆಂಡಿಸರು ಹಾಸಿಗೆ ಹಿಡಿದರು. ಮೈಯಲ್ಲಿ ತ್ರಾಣವಿಲ್ಲ, ಮನಸ್ಸಿಗೆ ನೆಮ್ಮದಿಯಿಲ್ಲ. ಹೊರಗೆ ಜನರ ಗದ್ದಲ, ಒಳಗೆ ಅವರ ನರಳಾಟ. ಹೀಗೆ ಮೂರು ದಿನ.

ಆಗ ಅವರಿಗೆ ಐವತ್ತನಾಲ್ಕು ವರ್ಷ. ನಮ್ಮದೇ ಓರಗೆ. ಈ ವಯಸ್ಸು ಎಂಥದೆಂದು ನಾವು ಬಲ್ಲೆವು. ಗಳಿಸಿದ್ದನ್ನು ಜೋಪಾನ ಮಾಡುವ ವಯಸ್ಸು ಇದು. ಹೊಸದಾಗಿ ಕಳೆದುಕೊಳ್ಳುವುದಕ್ಕೆ ಧೈರ್ಯ ಸಾಲದು. ಅವರು ಹದಿನಾಲ್ಕು ಮಕ್ಕಳ ತಂದೆ. ಸಾಲವೂ ಇತ್ತು. ಹಿಂದೆಯೂ ಒಂದೆರಡು ಸಲ ಅನುಮತಿಗೆ ಕಾಯದೆ ವೀಸಾ ಕೊಟ್ಟು ಮೇಲಿನವರಿಂದ ಎಚ್ಚರಿಕೆ ಪಡೆದಿದ್ದರು. ಮತ್ತೊಮ್ಮೆ ಮೀರಿದರೆ ಏನಾಗುತ್ತದೆಂಬುದು ಅವರಿಗೆ ಸ್ಪಷ್ಟವಾಗಿ ಗೊತ್ತಿತ್ತು. ಗೊತ್ತಿಲ್ಲದೆ ಬಾವಿಗೆ ಬೀಳುವುದು ಬೇರೆ, ಮುಳುಗುತ್ತಿರುವ ಮಗುವಿಗಾಗಿ ತಿಳಿದು ತಿಳಿದೇ ಹಾರುವುದು ಬೇರೆ. ಆ ಮೂರು ದಿನ ಅವರು ಬಾವಿಯ ಕಟ್ಟೆಯ ಮೇಲೆ ನಿಂತಿದ್ದರು.

ಜೂನ್ ೧೭ರಂದು ಎದ್ದರು. ಮುಖ ತೊಳೆದು, ಬಟ್ಟೆ ಹಾಕಿಕೊಂಡು ಬಾಗಿಲು ತೆರೆದರು. ಇನ್ನು ಮೇಲೆ ಕೇಳಿದವರಿಗೆಲ್ಲ ವೀಸಾ ಕೊಡುತ್ತೇನೆ. ಜಾತಿ ಕೇಳುವುದಿಲ್ಲ, ದೇಶ ಕೇಳುವುದಿಲ್ಲ, ಮತ ಕೇಳುವುದಿಲ್ಲ. ಹಣ ಕೊಡಲಾರದವರಿಗೂ ಕೊಡುತ್ತೇನೆ ಎಂದು ಸಾರಿದರು. ಮನುಷ್ಯರ ಪಕ್ಷ ಹಿಡಿದು ದೇವರನ್ನು ಎದುರು ಹಾಕಿಕೊಳ್ಳುವುದಕ್ಕಿಂತ, ದೇವರ ಪಕ್ಷದಲ್ಲಿ ನಿಂತು ಮನುಷ್ಯರನ್ನು ಎದುರು ಹಾಕಿಕೊಳ್ಳುವುದೇ ಲೇಸು ಎಂಬ ಅರ್ಥದ ಮಾತನ್ನು ಅವರು ಆಗ ಆಡಿದರೆಂದು ಹೇಳುತ್ತಾರೆ.

ಆ ಮೇಲೆ ನಡೆದದ್ದು ಒಂದು ಯಜ್ಞ. ಕ್ರೂಗರರು ಕೋಟು ಟೋಪಿಗಳ ಪರಿವೆಯೂ ಇಲ್ಲದೆ ಬೀದಿಗಿಳಿದು ರಹದಾರಿ ಪುಸ್ತಕಗಳನ್ನು ಕಂತೆ ಕಂತೆಯಾಗಿ ಸಂಗ್ರಹಿಸಿ ತಂದರು. ಮೆಂಡಿಸರ ಗಂಡುಮಕ್ಕಳು ಕೈ ಜೋಡಿಸಿದರು. ಕಚೇರಿಯ ಕಾರ್ಯದರ್ಶಿಯೂ ಕುಳಿತರು. ಮುದ್ರೆಯ ಕೆಳಗೆ ಮೆಂಡಿಸರ ರುಜು. ಹಗಲು ಮುಗಿಯಿತು, ರಾತ್ರಿಯೂ ನಡೆಯಿತು. ಕೈ ಸೋತಿತು. ಅಷ್ಟುದ್ದದ ಹೆಸರನ್ನು ಬರೆಯುತ್ತ ಕುಳಿತರೆ ಸರದಿಯಲ್ಲಿರುವವರ ಗತಿ ಏನು? ಆದ್ದರಿಂದ ಹೆಸರನ್ನು ಮೊಟಕು ಮಾಡಿದರು. ಬರಿಯ 'ಮೆಂಡಿಸ್' ಎಂದು ರುಜು ಹಾಕತೊಡಗಿದರು. ಭಕ್ತರೇ, ಲೋಕದಲ್ಲಿ ಮನುಷ್ಯರು ಹೆಸರನ್ನು ಉದ್ದ ಮಾಡಿಕೊಳ್ಳುವುದಕ್ಕೆ ಹೆಣಗುತ್ತಾರೆ. ಹಿಂದೊಂದು ಬಿರುದು, ಮುಂದೊಂದು ಪದವಿ, ಹಂದರದ ತುಂಬ ಫಲಕ. ಈ ಮಹಾನುಭಾವರು ಹೆಸರನ್ನು ಚಿಕ್ಕದು ಮಾಡಿಕೊಂಡರು, ಇನ್ನೊಂದು ಪ್ರಾಣಕ್ಕೆ ಜಾಗ ಆಗಲಿ ಎಂದು.

ಆ ಸರದಿಯಲ್ಲಿ ಬಡ ದರ್ಜಿಯೂ ಇದ್ದ, ದೊಡ್ಡ ವರ್ತಕನೂ ಇದ್ದ. ಹಿಂದೆ ಆಸ್ಟ್ರಿಯಾ ಸಾಮ್ರಾಜ್ಯವನ್ನಾಳಿದ ರಾಜವಂಶದ ಆಟೋ ಎಂಬವರಿಗೂ ಅವರ ಮನೆಯವರಿಗೂ ಮೆಂಡಿಸರೇ ವೀಸಾ ಕೊಟ್ಟರು. ರಾಜನಿಗೂ ಅದೇ ಮುದ್ರೆ, ಭಿಕಾರಿಗೂ ಅದೇ ಮುದ್ರೆ.

ಇಷ್ಟಕ್ಕೇ ಅವರು ನಿಲ್ಲಲಿಲ್ಲ. ಜೂನ್ ೧೯ರ ರಾತ್ರಿ ಬೋರ್ಡೊದ ಮೇಲೆ ಬಾಂಬುಗಳು ಬಿದ್ದವು. ಜನ ಸ್ಪೇನಿನ ಗಡಿಯ ಹತ್ತಿರದ ಬಯೋನ್ ಪಟ್ಟಣಕ್ಕೆ ಓಡಿದರು. ಅಲ್ಲಿಯ ಪೋರ್ಚುಗೀಸ್ ಅಧಿಕಾರಿ ಸುತ್ತೋಲೆಯನ್ನು ಹಿಡಿದು ವೀಸಾ ಕೊಡದೆ ಕುಳಿತಿದ್ದ. ಮೆಂಡಿಸರು ಅಲ್ಲಿಗೂ ಹೋಗಿ, ತಾನು ಮೇಲಧಿಕಾರಿ ಎಂದು ಹೇಳಿ, ಅಲ್ಲಿಯೂ ವೀಸಾ ಕೊಡಲು ಕುಳಿತರು. ವಿಷಯ ಲಿಸ್ಬನ್ನಿಗೆ ಮುಟ್ಟಿತು. ಮ್ಯಾಡ್ರಿಡ್ಡಿನಲ್ಲಿದ್ದ ಪೋರ್ಚುಗೀಸ್ ರಾಯಭಾರಿಯೇ ಗಡಿಗೆ ಬಂದು, ಮೆಂಡಿಸ್ ಕೊಟ್ಟ ವೀಸಾಗಳು ಸಲ್ಲುವುದಿಲ್ಲ ಎಂದು ಸ್ಪೇನಿನವರಿಗೆ ತಿಳಿಸಿದ. ದೊಡ್ಡ ನಾಕೆಯ ಬಾಗಿಲು ಮುಚ್ಚಿತು. ಆಗ ಮೆಂಡಿಸರು ತಮ್ಮ ಕಾರನ್ನು ಮುಂದೆ ಮಾಡಿ, ಹಿಂದೆ ನಿರಾಶ್ರಿತರ ಕಾರುಗಳ ಸಾಲನ್ನು ಕರೆದುಕೊಂಡು, ಟೆಲಿಫೋನಿಲ್ಲದ ಒಂದು ಸಣ್ಣ ನಾಕೆಗೆ ಹೋಗಿ, ಸುದ್ದಿ ಅಲ್ಲಿಗೆ ಮುಟ್ಟುವ ಮೊದಲೇ ಅವರನ್ನೆಲ್ಲ ದಾಟಿಸಿದರೆಂದು ಅವರ ಮನೆಯವರು ಹೇಳಿದ್ದುಂಟು.

ಎಷ್ಟು ಜನ ಉಳಿದರು? ೩೦,೦೦೦ ವೀಸಾ ಎಂದು ಹೇಳುವವರಿದ್ದಾರೆ. ಕಚೇರಿಯ ದಾಖಲೆ ಪುಸ್ತಕದಲ್ಲಿ ಸಿಕ್ಕುವ ಲೆಕ್ಕ ಅದಕ್ಕಿಂತ ಬಹಳ ಕಡಿಮೆ. ಆ ಗಡಿಬಿಡಿಯಲ್ಲಿ ಬರೆಯದೆ ಹೋದದ್ದೂ ಬಹಳ. ವಿದ್ವಾಂಸರಲ್ಲಿ ಒಮ್ಮತವಿಲ್ಲ. ಯಹೂದಿಗಳ ಸಂಹಾರದ ಇತಿಹಾಸವನ್ನು ಬರೆದ ಯೆಹುದಾ ಬೌಯರ್ ಎಂಬ ದೊಡ್ಡ ಇತಿಹಾಸಕಾರರು, ಒಬ್ಬನೇ ವ್ಯಕ್ತಿ ಮಾಡಿದ ರಕ್ಷಣಾಕಾರ್ಯಗಳಲ್ಲಿ ಬಹುಶಃ ಇದೇ ಎಲ್ಲಕ್ಕಿಂತ ದೊಡ್ಡದು ಎಂದಿದ್ದಾರೆ. ಕ್ರೂಗರರ ಸಂಸಾರವೂ ಉಳಿಯಿತು. ಪೋರ್ಚುಗಲ್ ಸೇರಿ ಅಲ್ಲಿಂದ ಅಮೆರಿಕಕ್ಕೆ ಹೋಯಿತು. ನನಗೊಬ್ಬನಿಗೇ ಬೇಡ ಎಂದವರು ಎಲ್ಲರೊಂದಿಗೆ ದಡ ಸೇರಿದರು.

ಮೆಂಡಿಸರು ಜುಲೈನಲ್ಲಿ ಪೋರ್ಚುಗಲ್ಲಿಗೆ ಮರಳಿದರು. ಅವರ ಮೇಲೆ ಇಲಾಖೆಯ ವಿಚಾರಣೆ ನಡೆಯಿತು. ಅವರು ಸುಳ್ಳು ಹೇಳಲಿಲ್ಲ, ಬೇರೊಬ್ಬರ ಮೇಲೆ ಹೊರಿಸಲಿಲ್ಲ. ಕಣ್ಣ ಮುಂದೆ ಕಂಡ ಸಂಕಟವನ್ನು ವರ್ಣಿಸಿ, ಮನುಷ್ಯತ್ವದ ದೃಷ್ಟಿಯಿಂದ ಹೀಗೆ ಮಾಡಿದೆನೆಂದು ಬರೆದುಕೊಟ್ಟರು. ೧೯೪೦ರ ಅಕ್ಟೋಬರ್ ೩೦ರಂದು ಸಾಲಾಜಾರನ ತೀರ್ಪು ಬಂತು. ಒಂದು ವರ್ಷ ಕೆಲಸವಿಲ್ಲದೆ ಅರ್ಧ ಸಂಬಳ, ಆ ಮೇಲೆ ಕಡ್ಡಾಯ ನಿವೃತ್ತಿ. ಪದವಿ ಹೋಯಿತು, ಮಾನ ಹೋಯಿತು. ಸಾಲ ಬೆಳೆಯಿತು. ಮಕ್ಕಳು ಒಬ್ಬೊಬ್ಬರಾಗಿ ದೇಶ ಬಿಟ್ಟರು. ಲಿಸ್ಬನ್ನಿನಲ್ಲಿ ಯಹೂದಿ ಸಮಾಜದವರು ನಿರಾಶ್ರಿತರಿಗಾಗಿ ಒಂದು ಅನ್ನಛತ್ರವನ್ನು ನಡೆಸುತ್ತಿದ್ದರು. ಒಂದು ದಿನ ಮೆಂಡಿಸರು ಮನೆಯವರೊಡನೆ ಅಲ್ಲಿಗೆ ಊಟಕ್ಕೆ ಬಂದರು. ಇದು ನಿರಾಶ್ರಿತರಿಗೆ ಮಾತ್ರ ಎಂದು ಅಲ್ಲಿದ್ದ ಯುವಕ ಹೇಳಿದಾಗ, ನಾವೂ ನಿರಾಶ್ರಿತರೇ ಎಂದು ಮೆಂಡಿಸರು ಉತ್ತರ ಕೊಟ್ಟರಂತೆ. ಆ ಯುವಕನೇ ಮುಂದೆ ಇದನ್ನು ನೆನಪಿಸಿಕೊಂಡು ಹೇಳಿದ್ದಾನೆ. ಸಾವಿರಾರು ಜನಕ್ಕೆ ದೇಶ ಕೊಟ್ಟವರು ತಮ್ಮ ದೇಶದಲ್ಲೇ ಪರದೇಶಿಯಾದರು.

೧೯೪೮ರಲ್ಲಿ ಹೆಂಡತಿ ಏಂಜೆಲಿನಾ ತೀರಿಕೊಂಡರು. ೧೯೫೪ರ ಏಪ್ರಿಲ್ ೩ರಂದು ಲಿಸ್ಬನ್ನಿನ ಫ್ರಾನ್ಸಿಸ್ಕನ್ ಸನ್ಯಾಸಿಗಳ ಆಸ್ಪತ್ರೆಯಲ್ಲಿ ಮೆಂಡಿಸರೂ ಕಣ್ಣು ಮುಚ್ಚಿದರು. ತೊಡಿಸಲು ತಕ್ಕ ಬಟ್ಟೆಯಿಲ್ಲದೆ ಸನ್ಯಾಸಿಗಳ ನಿಲುವಂಗಿಯನ್ನೇ ತೊಡಿಸಿ ಮಣ್ಣು ಮಾಡಿದರೆಂದು ಹೇಳುತ್ತಾರೆ. ಸನ್ಯಾಸದ ದೀಕ್ಷೆಯಿಲ್ಲದೆ ಸನ್ಯಾಸಿಯ ವಸ್ತ್ರ ಅವರಿಗೆ ದೊರೆಯಿತು. ಎಲ್ಲವನ್ನೂ ಬಿಟ್ಟವರಿಗೆ ಅದು ಸಲ್ಲುವಂಥದೇ.

ಅವರು ದೋಷವೇ ಇಲ್ಲದ ಸಂತರು ಎಂದು ನಾವು ಹೇಳುವುದಿಲ್ಲ. ಖರ್ಚಿನಲ್ಲಿ ಹಿಡಿತವಿರಲಿಲ್ಲ. ಹೆಂಡತಿ ಇರುವಾಗಲೇ ಇನ್ನೊಬ್ಬ ಸ್ತ್ರೀಯ ಸಂಬಂಧವೂ ಇತ್ತು. ಹೆಂಡತಿ ತೀರಿದ ಮೇಲೆ ಆಕೆಯನ್ನೇ ಮದುವೆಯಾದರು. ಇದನ್ನು ಮುಚ್ಚಿಡುವುದು ಸರಿಯಲ್ಲ. ಮನುಷ್ಯ ಎಲ್ಲ ರೀತಿಯಿಂದ ಶುದ್ಧನಾದ ಮೇಲೆ ಒಳ್ಳೆಯದನ್ನು ಮಾಡುತ್ತೇನೆಂದು ಕಾಯುತ್ತ ಕುಳಿತರೆ, ಬಾಗಿಲಿಗೆ ಬಂದವನ ಪ್ರಾಣ ನಿಲ್ಲುವುದಿಲ್ಲ. ತೆರೆ ನಿಂತ ಮೇಲೆ ಸಮುದ್ರಸ್ನಾನ ಮಾಡುತ್ತೇನೆ ಎಂದವನ ಹಾಗಾಗುತ್ತದೆ.

ಇನ್ನೊಂದು ಮುದ್ರೆಯ ಕತೆಯನ್ನೂ ಹೇಳಬೇಕು. ಅದೇ ಬೋರ್ಡೊ ಪಟ್ಟಣ. ೧೯೪೨ರಿಂದ ೧೯೪೪ರವರೆಗೆ ಅಲ್ಲಿಯ ಸರಕಾರಿ ಕಚೇರಿಯಲ್ಲಿ ಮೊರಿಸ್ ಪಾಪೋನ್ ಎಂಬ ಫ್ರೆಂಚ್ ಅಧಿಕಾರಿ ಇದ್ದ. ಜರ್ಮನರ ಅಪ್ಪಣೆಯಂತೆ ಆ ಪ್ರಾಂತದ ಸುಮಾರು ೧,೬೦೦ ಯಹೂದಿಗಳನ್ನು ಹಿಡಿದು ಸಾವಿನ ಶಿಬಿರಗಳ ಕಡೆಗೆ ಸಾಗಿಸಿದ ಕೆಲಸದಲ್ಲಿ ಅವನ ಕೈಯೂ ಇತ್ತು. ಅವನ ಹತ್ತಿರವೂ ಮುದ್ರೆ ಇತ್ತು, ಲೇಖನಿ ಇತ್ತು, ನಿಯಮದ ಪುಸ್ತಕ ಇತ್ತು. ಯುದ್ಧ ಮುಗಿದ ಮೇಲೆ ಅವನು ಪದವಿಯಿಂದ ಪದವಿಗೆ ಏರಿದ. ಪ್ಯಾರಿಸಿನ ಪೊಲೀಸ್ ಮುಖ್ಯಸ್ಥನಾದ, ಮಂತ್ರಿಯೂ ಆದ. ಕೊನೆಗೆ ೧೯೯೮ರಲ್ಲಿ ಅದೇ ಬೋರ್ಡೊದ ನ್ಯಾಯಾಲಯ, ಮನುಷ್ಯಕುಲದ ವಿರುದ್ಧ ನಡೆದ ಅಪರಾಧದಲ್ಲಿ ಭಾಗಿಯೆಂದು ಅವನಿಗೆ ಹತ್ತು ವರ್ಷ ಸೆರೆವಾಸ ವಿಧಿಸಿತು. ಆಗ ಅವನಿಗೆ ಎಂಬತ್ತೇಳು ವರ್ಷ. ಒಂದೇ ಊರು, ಎರಡು ಮುದ್ರೆ. ಒಂದು ಮುದ ಕೊಟ್ಟಿತು, ಇನ್ನೊಂದು ಮೃತ್ಯು ಕೊಟ್ಟಿತು. ಮುದ್ರೆಯ ಮರ ಒಂದೇ, ಶಾಯಿ ಒಂದೇ. ಹಿಡಿದ ಕೈ ಬೇರೆ.

ಇದನ್ನು ಕೇಳಿ ಯಾರಾದರೂ, ಸ್ವಾಮಿಗಳು ನಿಯಮ ಮುರಿಯಲು ಹೇಳಿದರು ಎಂದುಕೊಂಡೀರಿ. ಹಾಗಲ್ಲ. ಲಂಚ ತಿನ್ನುವವನೂ ನಿಯಮ ಮುರಿಯುತ್ತಾನೆ. ತನ್ನ ಜಾತಿಯವನೆಂದು ಅನರ್ಹನಿಗೆ ಕೊಡುವವನೂ ಮುರಿಯುತ್ತಾನೆ. ಅವರಿಗೂ ಮೆಂಡಿಸರಿಗೂ ಅಂತರವೇನು? ಮೂರು ಲಕ್ಷಣಗಳಿಂದ ಪರೀಕ್ಷಿಸಬೇಕು. ಮೊದಲನೆಯದು, ಮೀರಿದ್ದು ತನ್ನ ಲಾಭಕ್ಕೋ ನೊಂದವನ ಉಳಿವಿಗೋ? ಎರಡನೆಯದು, ಮೀರಿದ್ದು ಕದ್ದುಮುಚ್ಚಿಯೋ ಬಾಗಿಲು ತೆರೆದೋ? ಮೂರನೆಯದು, ಅದರ ಫಲ ಬಂದಾಗ ತಲೆಯೊಡ್ಡಿದನೋ ತಪ್ಪಿಸಿಕೊಂಡನೋ? ಮೆಂಡಿಸರು ಪರರ ಪ್ರಾಣಕ್ಕಾಗಿ ಮೀರಿದರು, ಬೀದಿಗೆಲ್ಲ ಕೇಳುವಂತೆ ಸಾರಿ ಮೀರಿದರು, ತಮ್ಮ ಹೆಸರಿನ ರುಜು ಹಾಕಿ ಮೀರಿದರು, ಶಿಕ್ಷೆ ಬಂದಾಗ ತಲೆಯೊಡ್ಡಿದರು. ಈ ಮೂರೂ ಇಲ್ಲದವನು ಮೆಂಡಿಸರ ಹೆಸರು ಹೇಳಿ ತನ್ನ ಅಕ್ರಮವನ್ನು ಮುಚ್ಚಿಕೊಳ್ಳಕೂಡದು.

ನಮ್ಮ ಶಾಸ್ತ್ರಗಳಲ್ಲಿ ಅಧಿಕಾರ ಎಂಬ ಶಬ್ದಕ್ಕೆ ಅರ್ಹತೆ ಎಂಬ ಅರ್ಥವೂ ಉಂಟು. ಈ ಪಾಠಕ್ಕೆ ಇವನು ಅಧಿಕಾರಿ ಎಂದರೆ ಇವನಿಗೆ ಅದರ ಯೋಗ್ಯತೆ ಇದೆ ಎಂದರ್ಥ. ಸಾಲಾಜಾರನು ಮೆಂಡಿಸರ ಕುರ್ಚಿಯನ್ನು ಕಿತ್ತುಕೊಂಡ. ಆದರೆ ಆ ಅರ್ಹತೆಯನ್ನು ಕಿತ್ತುಕೊಳ್ಳಲು ಅವನಿಂದಾಗಲಿಲ್ಲ. ೧೯೬೬ರಲ್ಲಿ ಜೆರೂಸಲೇಮಿನ ಯಾದ್ ವಶೇಮ್ ಸಂಸ್ಥೆ ಅವರನ್ನು ಲೋಕದ ಧರ್ಮಾತ್ಮರ ಸಾಲಿನಲ್ಲಿ ಸೇರಿಸಿತು. ಮಕ್ಕಳು ತಂದೆಯ ಮಾನಕ್ಕಾಗಿ ದಶಕಗಳ ಕಾಲ ಹೋರಾಡಿದರು. ಸಾಲಾಜಾರನ ವ್ಯವಸ್ಥೆ ೧೯೭೪ರಲ್ಲಿ ಉರುಳಿದ ಮೇಲೆ ನಿಧಾ‌ನವಾಗಿ ದೇಶದ ಕಣ್ಣು ತೆರೆಯಿತು. ೧೯೮೭ರಲ್ಲಿ ರಾಷ್ಟ್ರಾಧ್ಯಕ್ಷ ಮಾರಿಯೊ ಸೊವಾರಿಸರು ಅವರ ಕುಟುಂಬದ ಕ್ಷಮೆ ಕೇಳಿದರು. ೧೯೮೮ರಲ್ಲಿ ಪೋರ್ಚುಗಲ್ಲಿನ ಸಂಸತ್ತು ಶಿಕ್ಷೆಯನ್ನು ಅಳಿಸಿಹಾಕಿತು. ೨೦೨೧ರ ಅಕ್ಟೋಬರ್ ೧೯ರಂದು ರಾಷ್ಟ್ರದ ಮಹಾಪುರುಷರ ಸ್ಮಾರಕಮಂದಿರದಲ್ಲಿ ಅವರಿಗೆ ಗೌರವಸ್ಥಾನ ದೊರೆಯಿತು. ಸಾಲಕ್ಕೆ ಮಾರಿಹೋಗಿ ಪಾಳುಬಿದ್ದಿದ್ದ ಕಬಾನಸ್‌ನ ಮನೆ ದುರಸ್ತಿಯಾಗಿ ೨೦೨೪ರಲ್ಲಿ ವಸ್ತುಸಂಗ್ರಹಾಲಯವಾಯಿತು. ಇವೆಲ್ಲ ಒಳ್ಳೆಯವೇ. ಆದರೆ ಇವು ಬರುತ್ತವೆಂದು ಎಣಿಸಿ ಅವರು ಮುದ್ರೆ ಒತ್ತಲಿಲ್ಲ. ಇವುಗಳಲ್ಲಿ ಒಂದನ್ನೂ ಅವರು ಕಣ್ಣಿನಿಂದ ಕಾಣಲಿಲ್ಲ.

ಸದ್ಭಕ್ತರೇ, ನಿಮ್ಮಲ್ಲಿ ಗುಮಾಸ್ತರಿದ್ದೀರಿ, ಉಪಾಧ್ಯಾಯರಿದ್ದೀರಿ, ಗ್ರಾಮಲೆಕ್ಕಿಗರಿದ್ದೀರಿ, ಸೊಸೈಟಿಯ ಕಾರ್ಯದರ್ಶಿಗಳಿದ್ದೀರಿ, ಆಸ್ಪತ್ರೆಯಲ್ಲಿ ಚೀಟಿ ಕೊಡುವವರಿದ್ದೀರಿ. ಮನೆಯ ಬೀಗದ ಕೈ ಸೊಂಟದಲ್ಲಿರುವ ತಾಯಂದಿರಿದ್ದೀರಿ. ಮುದ್ರೆಯಿಲ್ಲದ ಕೈ ಲೋಕದಲ್ಲಿ ಒಂದೂ ಇಲ್ಲ. ನಿಮ್ಮ ಮುದ್ರೆ ಬಿದ್ದರೆ ಬದುಕುವವನು, ಬೀಳದಿದ್ದರೆ ಕೆಡುವವನು ಒಬ್ಬನಾದರೂ ಇದ್ದೇ ಇರುತ್ತಾನೆ. ಅವನು ಬಾಗಿಲಿಗೆ ಬಂದಾಗ ಹಾಸಿಗೆ ಹಿಡಿದು ಮೂರು ದಿನ ಹೊರಳಾಡಿದರೂ ಚಿಂತೆಯಿಲ್ಲ. ನಾಲ್ಕನೆಯ ದಿನ ಏಳಿರಿ. ಬೇಡುವ ಸರದಿಯಲ್ಲಿ ನೀವೇ ನಿಂತಿರುವಾಗ ಹಿಂದೆ ನಿಂತವನನ್ನು ಒಮ್ಮೆ ತಿರುಗಿ ನೋಡಿರಿ. ಕೊಡುವವರ ಕೈಯನ್ನು ಮೆಂಡಿಸರು ತೋರಿಸಿಕೊಟ್ಟರು, ಬೇಡುವವರ ಬಾಯನ್ನು ಕ್ರೂಗರರು ತೋರಿಸಿಕೊಟ್ಟರು. ಆ ಕೈ ತೆರೆದದ್ದು ಈ ಬಾಯಿಯಿಂದ. ಇವೆರಡೂ ನಿಮ್ಮಲ್ಲಿ ಕೂಡಿಬರಲಿ. ನಿಮ್ಮ ಕೈಯ ಮುದ್ರೆ ಮುದ ಕೊಡುವ ಮುದ್ರೆಯಾಗಲಿ ಎಂದು ಹಾರೈಸುತ್ತೇವೆ.

ಸರ್ವರಿಗೂ ಮಂಗಳವಾಗಲಿ.